ತೂತಿನ ಬಾಟ್ಲಿಯ ಸಮುದ್ರ

“ಯಾರದು ನನ್ನ ಕುತ್ತಿಗೆಗೆ ಉಗುಳಿದ್ದು?”

ದಮಯಂತಿ ಅತ್ತೆ ಕಿರುಚಿದ ರಭಸಕ್ಕೆ ಅಪ್ಪ ಜೀಪನ್ನು ರಸ್ತೆ ಬದಿಗೆ ತಂದು ನಿಲ್ಲಿಸಿಯೇ ಬಿಟ್ಟರು.

ಹಿಂದಿನ ಸೀಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಗಳೂರಿನಲ್ಲಿ ಮದುವೆ ಊಟ ಉಂಡು, ಕಡಲ ದಂಡೆಯಲ್ಲಿ ಒಂದು ಸುತ್ತು ತಿರುಗಿ ಎಲ್ಲರೂ ಕೋಡಿಂಬಾಳಕ್ಕೆ ಮರಳುತ್ತಿದ್ದರು. ಹೋಳಿಗೆಯ ಭಾರಕ್ಕೆ ಜೀಪಿಡೀ ತೂಕಡಿಸುತ್ತಿತ್ತು. ಉಗುಳುವಷ್ಟು ಎಚ್ಚರ ಯಾರಿಗೂ ಇರಲಿಲ್ಲ.

ಎಚ್ಚರವಿದ್ದವಳು ಆರನೇ ಕ್ಲಾಸಿನ ಪ್ರೀತಿಕಾ ಒಬ್ಬಳೇ. ಅವಳು ಎರಡೂ ಕೈಯಲ್ಲಿ ಒಂದು ಲೀಟರಿನ ಬಾಟ್ಲಿಯನ್ನು ಅಪ್ಪಿ ಹಿಡಿದು ಕೂತಿದ್ದಳು.

“ಉಗುಳಿದ್ದಲ್ಲ ಅತ್ತೆ,” ಅವಳು ಮೆಲ್ಲ ಹೇಳಿದಳು. “ಅದು ಅರಬ್ಬಿ ಸಮುದ್ರ.”

ಬಾಟ್ಲಿಯ ಮುಚ್ಚಳದಲ್ಲಿ ಒಂದು ಸಣ್ಣ ತೂತಿತ್ತು. ಜೀಪು ಹೊಂಡಕ್ಕೆ ಇಳಿದಾಗ ಪ್ರೀತಿಕಾ ಬಾಟ್ಲಿಯನ್ನು ಸ್ವಲ್ಪ ಗಟ್ಟಿಯಾಗಿ ಅಪ್ಪಿದ್ದಳು. ಆಗ ಸಮುದ್ರ ‘ಪ್ಚಿಕ್’ ಎಂದು ತೂತಿನಿಂದ ಹೊರಗೆ ಹಾರಿತ್ತು.

“ರೇಷ್ಮೆ ಸೀರೆ ಮಾರಾಯ್ತಿ ಇದು! ಆ ನೀರು ಎಂತಕ್ಕೆ ನಿನಗೆ?”

“ಶಾಲೆಗೆ. ಟೆಸ್ಟ್ ಮಾಡ್ಲಿಕ್ಕುಂಟು.”

ಅಮ್ಮ ಹರಿಣಾಕ್ಷಿ ಸೆರಗಿನಿಂದ ಅತ್ತೆಯ ಕುತ್ತಿಗೆ ಒರೆಸಿದರು. ಪ್ರೀತಿಕಾ ಬಾಯಲ್ಲಿದ್ದ ಬಬಲ್‌ಗಮ್ ತೆಗೆದು ತೂತಿಗೆ ಮೆತ್ತಿದಳು. ಮತ್ತೆ ಮನೆ ಮುಟ್ಟುವ ತನಕ ಸಮುದ್ರ ತುಟಿ ಪಿಟಕ್ಕೆನ್ನಲಿಲ್ಲ.

ಸಂಗತಿ ಇಷ್ಟೇ. ವಿಜ್ಞಾನದ ದೀಪ್ತಿ ಟೀಚರ್, “ಸೋಮವಾರ ಎಲ್ಲರೂ ಒಂದೊಂದು ಕಡೆಯ ನೀರು ತನ್ನಿ. ಅದ್ರಲ್ಲಿ ಆಸಿಡ್ ಉಂಟಾ ನೋಡುವ,” ಎಂದಿದ್ದರು. ಬಾವಿ ನೀರು ಯಾರು ಬೇಕಾದರೂ ತರುತ್ತಾರೆ. ಸುಜಯ್ ಕುಮಾರಧಾರಾ ಹೊಳೆಯ ನೀರು ತರುತ್ತೇನೆಂದು ಇಡೀ ವಾರ ಕೊಚ್ಚಿಕೊಂಡಿದ್ದ. ಹೊಳೆಯನ್ನು ಸೋಲಿಸಬೇಕಾದರೆ ಸಮುದ್ರವೇ ಆಗಬೇಕಲ್ಲ!

ಆದರೆ ಭಾನುವಾರ ಬೆಳಗ್ಗೆ ಅಪ್ಪ ಜೀಪಿನ ಹಾರ್ನ್ ಒತ್ತುತ್ತ ಅವಸರ ಮಾಡುವಾಗ ಮನೆಯಲ್ಲಿ ಒಂದು ಖಾಲಿ ಬಾಟ್ಲಿ ಸಿಗಬೇಡವೇ? ಎಲ್ಲದರಲ್ಲೂ ಅಮ್ಮ ಕುಡಿಯುವ ನೀರು ತುಂಬಿಸಿಟ್ಟಿದ್ದರು. ಕಡೆಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಬಾಟ್ಲಿ ಕಂಡಿತು. ಅಡಿಯಲ್ಲಿ ಎರಡು ಬೆರಳಿನಷ್ಟು ನೀರಿತ್ತು. ಪ್ರೀತಿಕಾ ಅದನ್ನೇ ಎತ್ತಿಕೊಂಡು ಓಡಿದ್ದಳು.

ನೇತ್ರಾವತಿ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು, ಆ ಎರಡು ಬೆರಳು ನೀರಿನ ಮೇಲೆಯೇ ಸಮುದ್ರವನ್ನು ತುಂಬಿಸಿದ್ದಳು. ನೀರಿಗೆ ನೀರು ಬೆರೆತರೆ ಆಗುವುದೇನು, ಎಂದು ಅವಳ ಲೆಕ್ಕ.

ಸೋಮವಾರ ಕ್ಲಾಸಿನ ಮೇಜಿನ ಮೇಲೆ ನೀರಿನ ಸಂತೆಯೇ ನೆರೆದಿತ್ತು. ಬಾವಿ, ಬೋರ್‌ವೆಲ್, ತೋಡು, ಕೆರೆ. ಸುಜಯ್ ತಂದ ಹೊಳೆಯ ನೀರಿನಲ್ಲಿ ಒಂದು ಸಣ್ಣ ಮೀನು ಸಹ ಇತ್ತು. ಅದನ್ನು ಫ್ರೀ ಎಂದು ಅವನು ಎಲ್ಲರಿಗೂ ತೋರಿಸುತ್ತಿದ್ದ.

ದೀಪ್ತಿ ಟೀಚರ್ ನೀಲಿ ಬಣ್ಣದ ಲಿಟ್ಮಸ್ ಕಾಗದ ತೆಗೆದರು. “ನೋಡಿ ಮಕ್ಕಳೇ, ಇದು ಕೆಂಪಾದ್ರೆ ನೀರಲ್ಲಿ ಆಸಿಡ್ ಉಂಟು ಅಂತ ಲೆಕ್ಕ.”

ಬಾವಿ ನೀರಿಗೆ ಅದ್ದಿದರು. ನೀಲಿ ನೀಲಿಯಾಗಿಯೇ ಉಳಿಯಿತು. ಬೋರ್‌ವೆಲ್‌ಗೂ ಹಾಗೆಯೇ. ಹೊಳೆಗೂ ಹಾಗೆಯೇ. ಮಕ್ಕಳಿಗೆ ಆಕಳಿಕೆ ಬಂತು.

“ಈಗ ಸಮುದ್ರ!” ಪ್ರೀತಿಕಾ ತಾನೇ ಘೋಷಣೆ ಕೊಟ್ಟು ಮುಚ್ಚಳ ತಿರುಗಿಸಿದಳು.

“ಎಂತ ವಾಸನೆ ಇದು!” ಸುಜಯ್ ಮೂಗು ಹಿಡಿದುಕೊಂಡ.

“ವಾಸನೆಯಾ? ನನಗೆಂತ ಬರುದಿಲ್ಲಪ್ಪ,” ಪ್ರೀತಿಕಾ ಹೇಳಿದಳು. ಅವಳಿಗೆ ನಿಜವಾಗಿಯೂ ಬರುತ್ತಿರಲಿಲ್ಲ. “ಸಮುದ್ರ ನೋಡದವ್ರಿಗೆ ಹಾಗೇ ಆಗುದು.”

ಟೀಚರ್ ಕಾಗದ ಅದ್ದಿದರು. ನೀಲಿ ಕಾಗದ ಕಣ್ಣೆದುರೇ ಕೆಂಪಾಯಿತು. ಅಂತಿಂಥ ಕೆಂಪಲ್ಲ, ಕುಂಕುಮದ ಭರಣಿಗೆ ಅದ್ದಿದ ಹಾಗೆ.

ಟೀಚರ್ ಕನ್ನಡಕ ಸರಿ ಮಾಡಿಕೊಂಡು ಇನ್ನೊಂದು ಕಾಗದ ಅದ್ದಿದರು. ಅದೂ ಕೆಂಪು.

“ಪ್ರೀತಿಕಾ, ಬಾಟ್ಲಿ ಸರಿ ತೊಳ್ದಿದ್ದೀಯಲ್ಲ?”

“ಹೌದು ಟೀಚರ್. ಸಮುದ್ರದಲ್ಲೇ ಮುಳುಗಿಸಿ ತೊಳ್ದದ್ದು.”

ಅದು ಪೂರ್ತಿ ಸುಳ್ಳಲ್ಲ. ಹೊರಗಿನಿಂದ ಬಾಟ್ಲಿ ಚೆನ್ನಾಗಿಯೇ ಮುಳುಗಿತ್ತು.

“ಏನೋ ಎಡವಟ್ಟಾಗಿದೆ. ನಾಳೆಯಿಂದ ನನಗೆ ಪುತ್ತೂರಲ್ಲಿ ಟ್ರೈನಿಂಗ್ ಉಂಟು. ಬಂದ ಮೇಲೆ ಇನ್ನೊಮ್ಮೆ ನೋಡುವ,” ಎಂದು ಟೀಚರ್ ಬಾಟ್ಲಿಯನ್ನು ಕಪಾಟಿನಲ್ಲಿಟ್ಟರು. ಅಷ್ಟರಲ್ಲಿ ಲಾಂಗ್ ಬೆಲ್ ಹೊಡೆಯಿತು. ‘ಇನ್ನೊಮ್ಮೆ ನೋಡುವ’ ಎಂಬ ಮಾತು ಯಾರ ಕಿವಿಗೂ ಬೀಳಲಿಲ್ಲ. ಮಕ್ಕಳೆಲ್ಲ ಆಗಲೇ ಗೇಟು ದಾಟಿದ್ದರು.

ಆ ಊರಿನಲ್ಲಿ ಹೋದ ಕರೆಂಟು ಬರುವುದು ತಡವಾಗುತ್ತದೆ. ವಾಟ್ಸ್ಯಾಪಿನಲ್ಲಿ ಸುದ್ದಿ ಬರುವುದು ಒಂದು ದಿನವೂ ತಡವಾದದ್ದಿಲ್ಲ. ಸುಜಯನ ಅಮ್ಮ ಸಂಜೆಯ ಚಾ ಕುಡಿಯುತ್ತ ಊರಿನ ಗ್ರೂಪಿಗೆ ಹಾಕಿದರು: ‘ಮಂಗಳೂರು ಸಮುದ್ರದಲ್ಲಿ ಆಸಿಡ್. ನಮ್ಮ ಶಾಲೆಯ ಮಕ್ಕಳಿಂದ ಪತ್ತೆ.’

ರಾತ್ರಿ ಊಟದ ಹೊತ್ತಿಗೆ ಅದಕ್ಕೆ ಯಾವುದೋ ದೇಶದ ಕೆಂಪು ಸಮುದ್ರದ ಫೋಟೋ ಸೇರಿತು. ಬೆಳಗಾಗುವಾಗ ಮೀನು ತಿಂದವರ ಹಲ್ಲು ಸಡಿಲವಾಗುತ್ತದೆ ಎಂದಾಯಿತು. ಇಚಿಲಂಪಾಡಿಯಲ್ಲಿ ಯಾರದೋ ಹಲ್ಲು ಬಿದ್ದೇ ಹೋಯಿತಂತೆ. ಅದು ಒಂದನೇ ಕ್ಲಾಸಿನ ಹುಡುಗನ ಹಾಲು ಹಲ್ಲು ಎಂಬುದನ್ನು ಮಾತ್ರ ಯಾರೂ ಬರೆಯಲಿಲ್ಲ.

ಮಂಗಳವಾರ ಬೆಳಗ್ಗೆ ರಸ್ತೆಯಲ್ಲಿ ‘ಪೋಂ ಪೋಂ’ ಎಂದು ಹಾರ್ನ್ ಕೇಳಿಸಿತು. ಕುಂಞಿ ಮೋನು ಸ್ಕೂಟರಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಬಂದರೆ ಊರಿಗೆ ಗಡಿಯಾರವೇ ಬೇಡ. ಊರಿನ ಗಂಡಸರಿಗೆ ಅವರು ಮೋನು, ಹೆಂಗಸರಿಗೂ ಮಕ್ಕಳಿಗೂ ಮೋನಾಕ. ಪ್ರತಿದಿನ ಮೊದಲು ಗೇಟಿಗೆ ಓಡುವುದು ಪ್ರೀತಿಕಾಳ ಮನೆಯ ಬೆಕ್ಕು. ಅದಕ್ಕೆಂದೇ ಮೋನಾಕ ಒಂದು ಬೂತಾಯಿ ಮೀನು ತೆಗೆದಿಡುತ್ತಿದ್ದರು.

ಅಂದು ಬೆಕ್ಕು ಓಡಿತು. ಬೇರೆ ಯಾರೂ ಓಡಲಿಲ್ಲ.

“ಇವತ್ತು ಬೇಡ ಮೋನಾಕ,” ಅಮ್ಮ ಅಂಗಳದಿಂದಲೇ ಹೇಳಿದರು.

“ಎಂತ ಅಕ್ಕ, ಮೀನು ಬೇಡ ಅನ್ಲಿಕ್ಕೆ ಶನಿವಾರವಾ ಇವತ್ತು? ಬಂಗುಡೆ ಫ್ರೆಶ್ ಉಂಟು.”

ಪ್ರೀತಿಕಾ ಕೈ ಹಿಂದೆ ಕಟ್ಟಿಕೊಂಡು ಗೇಟಿಗೆ ಬಂದಳು. ವಿಜ್ಞಾನಿಗಳು ಹಾಗೆಯೇ ನಡೆಯುವುದು ಎಂದು ಅವಳು ನಿನ್ನೆಯಿಂದ ತೀರ್ಮಾನಿಸಿದ್ದಳು. “ಮೋನಾಕ, ಸಮುದ್ರದಲ್ಲಿ ಆಸಿಡ್ ಉಂಟು. ನಾನೇ ಟೆಸ್ಟ್ ಮಾಡಿದ್ದು.”

ಮೋನಾಕ ಜೋರಾಗಿ ನಕ್ಕರು. ಅವರ ಬಾಯಲ್ಲಿ ಪ್ರೀತಿಕಾ ಯಾವಾಗಲೂ ‘ಮೋಳೇ’, ಅಂದರೆ ಮಗಳೇ. “ಆಸಿಡ್ ಇದ್ರೆ ಮೀನು ಬಲೆಗೆ ಬೀಳುವಾಗ್ಲೇ ಫ್ರೈ ಆಗಿರ್ತಿತ್ತು ಮೋಳೇ! ನನ್ನ ಈ ಕೈ ನೋಡು. ದಿನಾ ಅದೇ ನೀರಲ್ಲಿ ಇರುದು. ಕರಗಿದ್ಯಾ?”

“ಅದು ನಿಧಾನಕ್ಕೆ ಕರಗುದು,” ಎಂದಳು ವಿಜ್ಞಾನಿ.

ಮೋನಾಕ ಬೆಕ್ಕಿಗೆ ಬೂತಾಯಿ ಕೊಟ್ಟು ಮುಂದೆ ಹೋದರು. ಮುಂದಿನ ಮನೆಯಲ್ಲೂ ಬಾಗಿಲು ತೆರೆಯಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ.

ಪ್ರೀತಿಕಾಳಿಗೆ ಆ ವಾರ ಬಿಡುವೇ ಇರಲಿಲ್ಲ. ಅಂಗಡಿಯವರು ಕರೆದು ಚಾಕಲೇಟ್ ಕೊಟ್ಟರು. ಹೆಡ್ಮಾಷ್ಟ್ರು ಅಸೆಂಬ್ಲಿಯಲ್ಲಿ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ತಾಲೂಕಿನ ವಿಜ್ಞಾನ ಮೇಳಕ್ಕೆ ಇವಳನ್ನೇ ಕಳುಹಿಸುವುದು ಎಂದೂ ಮಾತಾಯಿತು. ಸುಜಯ್ ಅವಳ ಬ್ಯಾಗ್ ಹೊರಲು ಬಂದ. ಹೊಳೆಯನ್ನು ಸಮುದ್ರ ಸೋಲಿಸಿದ್ದು ಹೀಗೆ.

ಮನೆಯಲ್ಲಿ ಮಾತ್ರ ಅಜ್ಜ ಕುಕ್ಕಪ್ಪ ಗೌಡರ ಮುಖ ನೋಡುವ ಹಾಗಿರಲಿಲ್ಲ. ಮೀನಿಲ್ಲದೆ ಅವರಿಗೆ ಅನ್ನ ಗಂಟಲಲ್ಲಿ ಇಳಿಯದು. ಬುಧವಾರ ತೊಂಡೆಕಾಯಿ ಪಲ್ಯ. ಗುರುವಾರ ಸೌತೆಕಾಯಿ ಸಾಂಬಾರು. ಶುಕ್ರವಾರ ಮತ್ತೆ ಅದೇ ತೊಂಡೆಕಾಯಿ ಬಟ್ಟಲಲ್ಲಿ ಕಂಡಾಗ ಅಜ್ಜ ಅದನ್ನು ಬೆರಳಿನಿಂದ ಅಂಚಿಗೆ ನೂಕಿದರು.

“ಆ ಫ್ಯಾಕ್ಟರಿಯವ್ರಿಗೆ ನಾಚಿಕೆ ಇಲ್ವಾ?” ಅಜ್ಜ ಗುಡುಗಿದರು. ಯಾವ ಫ್ಯಾಕ್ಟರಿ ಎಂದು ಅವರಿಗೂ ಗೊತ್ತಿರಲಿಲ್ಲ. “ಇದ್ದ ಕೊಳಕೆಲ್ಲ ಸಮುದ್ರಕ್ಕೆ ಬಿಡುದು! ಸಮುದ್ರ ಎಂತ ಅವ್ರ ಅಪ್ಪನ ಮನೆಯ ಬಚ್ಚಲಾ?”

ಅಜ್ಜನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಮನೆಯ ಹಿಂದೆ ಅವರದೊಂದು ಶೆಡ್ ಉಂಟು. ಅಪ್ಪ ಬೆಳಗ್ಗೆ ರಬ್ಬರ್ ಮರ ಕೆತ್ತಿ ಹಾಲು ತಂದು ಕೊಟ್ಟು ಜೀಪಿನ ಬಾಡಿಗೆಗೆ ಹೋಗುತ್ತಾರೆ. ಆಮೇಲಿನ ಕೆಲಸ ಅಜ್ಜನದು. ಹಾಲನ್ನು ಅಗಲವಾದ ಡಿಶ್‌ಗಳಿಗೆ ಹೊಯ್ದು, ನೀರು ಬೆರೆಸಿದ ಆಸಿಡ್ ಹಾಕಿದರೆ ಮಾರನೆ ದಿನಕ್ಕೆ ಅದು ಮೊಸರಿನಂತೆ ಗಟ್ಟಿಯಾಗುತ್ತದೆ. ಅದನ್ನು ಮಿಷನ್‌ಗೆ ಕೊಟ್ಟು ಒತ್ತಿದರೆ ರಬ್ಬರ್ ಶೀಟ್. ಆಸಿಡ್ ಇರುವ ಜಾಗವೆಂದು ಮಕ್ಕಳಿಗೆ ಆ ಶೆಡ್ಡಿಗೆ ಪ್ರವೇಶವಿಲ್ಲ. ಆದರೆ ಅಲ್ಲಿಂದ ಬರುವ ಹುಳಿ ವಾಸನೆ ಹಗಲಿರುಳೂ ಮನೆಯ ತುಂಬ ಓಡಾಡುತ್ತದೆ. ಮನೆಯವರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ.

“ನನ್ನ ಬಾಟ್ಲಿ ಎಲ್ಲಿ?” ಅಜ್ಜ ವಾರವಿಡೀ ಕೇಳುತ್ತಿದ್ದರು.

“ಯಾವ ಬಾಟ್ಲಿ ಮಾವ?”

“ಯಾವ ಬಾಟ್ಲಿಯೆಂತ? ನನ್ನ ಬಾಟ್ಲಿ! ಶೆಡ್ಡಲ್ಲೇ ಇಟ್ಟದ್ದು. ಅದಿಲ್ಲದೆ ನನಗೆ ಕೆಲಸವೇ ಆಗುದಿಲ್ಲ.”

ಅಮ್ಮ ಅಡುಗೆಮನೆಯಲ್ಲಿ ಅಪ್ಪನ ಕಿವಿಗೆ ಬಾಯಿಟ್ಟು, “ಮಾವ ಈ ಪ್ರಾಯದಲ್ಲಿ ಬಾಟ್ಲಿ ಗೀಟ್ಲಿ ಶುರು ಮಾಡಿದ್ರಾ ಹೇಗೆ?” ಎಂದು ಕೇಳಿದರು. ಅಪ್ಪ ಆ ರಾತ್ರಿ ಅಜ್ಜನ ಬಾಯಿಯ ಹತ್ತಿರ ಮೂಗು ಕೊಂಡುಹೋಗಿ ನೋಡಿದರು. ತೊಂಡೆಕಾಯಿಯ ವಾಸನೆ ಮಾತ್ರ ಇತ್ತು.

ಶುಕ್ರವಾರ ಹಾರ್ನ್ ಕೇಳಲಿಲ್ಲ. ಶನಿವಾರವೂ ಇಲ್ಲ. ಬೆಕ್ಕು ಗೇಟಿನ ಕಂಬದ ಮೇಲೆ ಹತ್ತಿ ಕೂತು ರಸ್ತೆಯನ್ನೇ ನೋಡುತ್ತಿತ್ತು.

ಭಾನುವಾರ ಅಜ್ಜ ತಾಳ್ಮೆ ಕಳೆದುಕೊಂಡು ಹೊಸ ಬಾಟ್ಲಿ ಮಾಡಲು ಹೊರಟರು. ಒಂದು ಖಾಲಿ ಬಾಟ್ಲಿ, ಒಂದು ಮೊಳೆ, ಒಂದು ಇಕ್ಕುಳ. “ಪ್ರೀತೀ, ಇಲ್ಲಿ ಬಾ. ಈ ಮುಚ್ಚಳ ಹಿಡ್ಕೊ. ಕೈ ದೂರ ಇರ್ಲಿ.”

ಒಲೆಯಲ್ಲಿ ಕಾಯಿಸಿದ ಮೊಳೆಯನ್ನು ಅಜ್ಜ ಮುಚ್ಚಳದ ನಡುವಿಗೆ ಒತ್ತಿದರು. ಚುಂಯ್ ಎಂದು ಹೊಗೆ ಎದ್ದು ಒಂದು ಸಣ್ಣ ತೂತಾಯಿತು.

“ಇದೆಂತಕ್ಕೆ ಅಜ್ಜ?”

“ಆಸಿಡಿಗೆ. ಡಿಶ್ಶಿಗೆ ಒಮ್ಮೆಲೇ ಹೊಯ್ದ್ರೆ ಶೀಟು ಗಂಟು ಗಂಟಾಗ್ತದೆ. ತೂತು ಇದ್ರೆ ಹೀಗೆ, ಬೇಕಾದಷ್ಟೇ ಬೀಳುದು.” ಅಜ್ಜ ಬಾಟ್ಲಿಗೆ ನೀರು ತುಂಬಿಸಿ ಮುಚ್ಚಳ ಹಾಕಿ ಹೊಟ್ಟೆ ಹಿಂಡಿದರು.

ಪ್ಚಿಕ್!

ನೀರು ಪ್ರೀತಿಕಾಳ ಕುತ್ತಿಗೆಗೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಬಾಯಿ ತೆರೆದು ನಿಂತೇ ಇದ್ದಳು. ಆ ಶಬ್ದ ಅವಳಿಗೆ ಗೊತ್ತಿತ್ತು. ಆ ತೂತೂ ಗೊತ್ತಿತ್ತು. ಅದರ ಮೇಲೆ ತಾನು ಮೆತ್ತಿದ ಬಬಲ್‌ಗಮ್ ಸ್ಟ್ರಾಬೆರಿಯದು ಎಂದೂ ಗೊತ್ತಿತ್ತು.

“ಅಜ್ಜ,” ಅವಳ ಸ್ವರ ಬಾವಿಯೊಳಗಿನಿಂದ ಬಂದಂತಿತ್ತು. “ಹಳೇ ಬಾಟ್ಲಿಯಲ್ಲಿ ಎಂತ ಇತ್ತು?”

“ಎಂತ ಇರುದು? ಆಸಿಡ್ ನೀರು. ತಳದಲ್ಲಿ ಸ್ವಲ್ಪ ಉಳ್ದಿತ್ತು. ತೊಳಿಲಿಕ್ಕೆ ಒಗೆಯುವ ಕಲ್ಲಿನ ಹತ್ರ ತಂದಿದ್ದೆನೋ ಏನೋ, ಈಗ ನೆನಪಿಲ್ಲ.”

ಪ್ರೀತಿಕಾ ಮೆಲ್ಲ ಅಲ್ಲಿಂದ ಜಾರಿ ಬಾವಿಕಟ್ಟೆಯ ಹಿಂದೆ ಹೋಗಿ ಕೂತಳು. ಯಾರಿಗೂ ಗೊತ್ತಿಲ್ಲವಲ್ಲ, ಎಂದಿತು ಒಂದು ಮನಸ್ಸು. ನಾಳೆ ಬೇಗ ಹೋಗಿ ಕಪಾಟಿನ ಬಾಟ್ಲಿಯನ್ನು ಚೆಲ್ಲಿಬಿಟ್ಟರಾಯಿತು. ಸಮುದ್ರ ಚೆಲ್ಲಿಹೋಯಿತು ಟೀಚರ್, ಎಂದರಾಯಿತು. ವಿಜ್ಞಾನ ಮೇಳ, ಚಪ್ಪಾಳೆ, ಚಾಕಲೇಟ್ ಎಲ್ಲ ಇದ್ದಲ್ಲೇ ಇರುತ್ತದೆ.

ಅಲ್ಲಿಂದ ಗೇಟು ಕಾಣುತ್ತಿತ್ತು. ಬೆಕ್ಕು ಇನ್ನೂ ಕಂಬದ ಮೇಲೆಯೇ ಇತ್ತು. ಇವತ್ತೂ ಬೂತಾಯಿ ಬರುವುದಿಲ್ಲವೆಂದು ಅದಕ್ಕೆ ಯಾರು ಹೇಳುವುದು?

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಹೇಳಿದರು, “ಮೋನು ಇನ್ನು ಈ ಕಡೆ ಬರುದಿಲ್ಲಂತೆ. ಸ್ಕೂಟರ್ ಮಾರಿ ಊರು ಬಿಡ್ತಾನಂತೆ. ಮೂರು ದಿನ ತಂದ ಮೀನೆಲ್ಲ ತೆಂಗಿನ ಬುಡಕ್ಕೆ ಹಾಕಿದ್ನಂತೆ ಪಾಪ.”

ಪ್ರೀತಿಕಾ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೇ ಹಾಕಿದಳು.

“ಅಜ್ಜ, ನಿಮ್ಮ ಬಾಟ್ಲಿ ಸಿಕ್ಕಿತು.”

“ಹೌದಾ! ಎಲ್ಲುಂಟು?”

“ಸಮುದ್ರದಲ್ಲಿ,” ಎಂದು ಪ್ರೀತಿಕಾ ಹೋ ಎಂದು ಅಳತೊಡಗಿದಳು.

ಅಳುವಿನ ನಡುವೆ ಬಿಡಿ ಬಿಡಿಯಾಗಿ ಬಂದ ಕತೆಯನ್ನು ಜೋಡಿಸಲು ಮನೆಯವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅಮ್ಮ ಮೊದಲು ಅವಳ ಕೈ, ಕುತ್ತಿಗೆ ತಿರುಗಿಸಿ ನೋಡಿ, “ಎಲ್ಲಿಯಾದ್ರೂ ಉರಿತದಾ?” ಎಂದು ಕೇಳಿದರು. ಮತ್ತೆ ದಮಯಂತಿ ಅತ್ತೆಗೆ ಫೋನ್ ಮಾಡಿ ಅವರ ಕುತ್ತಿಗೆಯನ್ನೂ ವಿಚಾರಿಸಿದರು. ಕುತ್ತಿಗೆ ಸರಿಯಿತ್ತು, ಸೀರೆಯ ಬಗ್ಗೆ ಮಾತ್ರ ಅತ್ತೆ ತುಂಬ ಹೊತ್ತು ಮಾತಾಡಿದರು.

ಅಜ್ಜ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಸಾಂಬಾರು ಮೂಗಿಗೆ ಹತ್ತಿ ಕೆಮ್ಮು ಬಂದ ಮೇಲೆಯೇ ನಿಂತದ್ದು. ಕಣ್ಣೊರೆಸಿಕೊಂಡು ಎದ್ದು ಅಪ್ಪನ ಕಡೆ ತಿರುಗಿದರು.

“ಸರ್ವೋತ್ತಮ, ಜೀಪು ತೆಗಿ. ಮೋನುವಿನ ಹತ್ರ ಹೋಗುವ.”

ಕಡಬದ ಪೇಟೆಯಲ್ಲಿ ಕುಂಞಿ ಮೋನು ಒಂದು ಅಂಗಡಿಯ ಜಗಲಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಪೆಟ್ಟಿಗೆಯ ಮೇಲೆ ನೊಣಗಳು ಬಿಟ್ಟರೆ ಗಿರಾಕಿಗಳಿಲ್ಲ. ಸುತ್ತ ನಾಲ್ಕು ಜನ ಹರಟೆ ಹೊಡೆಯುತ್ತಿದ್ದರು, ಅದೂ ಆಸಿಡ್ ವಿಷಯವೇ.

ಪ್ರೀತಿಕಾ ಈ ಸಲ ಕೈ ಹಿಂದೆ ಕಟ್ಟಲಿಲ್ಲ. ಕೈಯನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಬಟ್ಟೆ ಒಗೆಯುವ ಕಲ್ಲು, ಎರಡು ಬೆರಳು ನೀರು, ತೂತು, ಬಬಲ್‌ಗಮ್, ಯಾವುದನ್ನೂ ಬಿಡಲಿಲ್ಲ.

ಮೋನಾಕ ನಗುತ್ತಾರೆಂದು ಅವಳು ಕಾದಳು. ಅವರು ನಗಲಿಲ್ಲ.

“ಬೂತಾಯಿಯನ್ನು ಮಣ್ಣಿಗೆ ಹಾಕುವಾಗ ಎಷ್ಟು ಬೇಜಾರಾಯ್ತು ಗೊತ್ತುಂಟಾ ಮೋಳೇ? ಮನೆಯಲ್ಲಿ ಕೂಡ ಯಾರೂ ತಿನ್ಲಿಲ್ಲ. ನನ್ನ ಹೆಂಡ್ತಿ ಸಹ ಹಲ್ಲು ಮುಟ್ಟಿ ಮುಟ್ಟಿ ನೋಡ್ತಿದ್ಳು.”

“ಸಾರಿ ಮೋನಾಕ,” ಎಂದಳು ಪ್ರೀತಿಕಾ. ಆ ಮಾತು ಅವಳಿಗೇ ತುಂಬ ಚಿಕ್ಕದೆನಿಸಿತು. “ನಾನೆಂತ ಮಾಡ್ಬೇಕು ಈಗ?”

“ನಾನು ಹೇಳಿದ್ರೆ ಯಾರು ನಂಬ್ತಾರೆ? ಮೀನು ಮಾರುವವ ಮೀನು ಒಳ್ಳೇದು ಅಂತಲೇ ಹೇಳುದು. ನೀನೇ ಹೇಳ್ಬೇಕು.”

ಅಪ್ಪ ಫೋನ್ ಹಿಡಿದರು. ಪ್ರೀತಿಕಾ ಊರಿನ ಗ್ರೂಪಿಗೆ ವಾಯ್ಸ್ ಮೆಸೇಜ್ ಮಾಡಿದಳು. ಏನು ಹೇಳಬೇಕೆಂದು ಮನಸ್ಸಿನಲ್ಲಿ ಚೆನ್ನಾಗಿ ಜೋಡಿಸಿಕೊಂಡಿದ್ದಳು. ಹೆದರಿಕೆಗೆ ಬಾಯಿಂದ ಬಂದದ್ದು ಇಷ್ಟು:

“ನಮಸ್ಕಾರ. ನಾನು ಪ್ರೀತಿಕಾ, ಆರನೇ ಕ್ಲಾಸ್. ಸಮುದ್ರದ ಆಸಿಡ್ ಸಮುದ್ರದ್ದಲ್ಲ. ಅದು ನಮ್ಮ ಅಜ್ಜನದ್ದು. ಎಲ್ಲರೂ ಮೀನು ತಿನ್ನಿ. ಥ್ಯಾಂಕ್ಯೂ.”

ಮೋನಾಕನ ಮುಖದಲ್ಲಿ ಆಗ ನಗು ಹುಟ್ಟಿತು. ಸುತ್ತ ನಿಂತವರ ಕಡೆ ತಿರುಗಿ, “ಕೇಳಿದ್ರಾ? ಮಂಗಳೂರು ಸಮುದ್ರಕ್ಕೆ ಆಸಿಡ್ ಬಿಟ್ಟದ್ದು ನಮ್ಮ ಕುಕ್ಕಪ್ಪ ಗೌಡ್ರಂತೆ!” ಎಂದರು.

ಜಗಲಿಯಿಡೀ ಗೊಳ್ಳೆಂದಿತು. ಅಜ್ಜ ಎರಡು ಕಿಲೋ ಬಂಗುಡೆ ತೂಗಿಸಿ, ತಲೆ ತಗ್ಗಿಸಿ ಜೀಪು ಹತ್ತಿದರು.

ಆ ವಾಯ್ಸ್ ಮೆಸೇಜ್ ಓಡಿದ ಓಟದ ಮುಂದೆ ಹಿಂದಿನ ಸುದ್ದಿಯ ಓಟ ಏನೂ ಅಲ್ಲ. ಕಬಕದಿಂದ ನೆಂಟರು ಫೋನ್ ಮಾಡಿದರು. ಸುಳ್ಯದಿಂದಲೂ ಮಾಡಿದರು. ಅಜ್ಜ ಎಲ್ಲಿ ಹೋದರೂ ಒಂದೇ ಪ್ರಶ್ನೆ, “ಗೌಡ್ರೆ, ಸಮುದ್ರಕ್ಕೆ ಇವತ್ತೆಷ್ಟು ಲೀಟರ್ ಹಾಕಿದ್ರಿ?” ಅಜ್ಜ ಮೊದಲೆರಡು ಸಲ ಸಿಟ್ಟಾದರು. ಮತ್ತೆ, “ಹತ್ತು ಲೀಟರ್ ಮಾರಾಯ್ರೆ, ನಿಮಗೂ ಬೇಕಾ?” ಎಂದು ತಾವೂ ಸೇರಿಕೊಂಡರು.

ಶಾಲೆಯಲ್ಲಿ ಪ್ರೀತಿಕಾಳ ಬ್ಯಾಗನ್ನು ಮತ್ತೆ ಅವಳೇ ಹೊರಬೇಕಾಯಿತು. “ಆಸಿಡ್ ಪ್ರೀತಿ” ಎಂದು ಸುಜಯ್ ಹೊಸ ಹೆಸರಿಟ್ಟ. ದೀಪ್ತಿ ಟೀಚರ್ ಮಾತ್ರ ಎಲ್ಲವನ್ನೂ ಕೇಳಿ, “ತಪ್ಪು ನಂದೂ ಉಂಟು. ಅವತ್ತೇ ಇನ್ನೊಂದು ಬಾಟ್ಲಿ ನೀರು ತರಿಸಿ ನೋಡ್ಬೇಕಿತ್ತು,” ಎಂದರು.

ಇನ್ನೊಂದು ಬಾಟ್ಲಿ ತಂದುಕೊಟ್ಟವರು ಮೋನಾಕ. ಮೀನು ತರಲು ಹೋದಾಗ ಅದೇ ಅಳಿವೆಯ ಹತ್ತಿರ, ಅಂಗಡಿಯಿಂದ ಆಗಷ್ಟೇ ತೆಗೆದ ಹೊಸ ಬಾಟ್ಲಿಯಲ್ಲಿ ತುಂಬಿಸಿದ್ದರು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಮೂರು ಗಂಟು ಬಿಗಿದಿದ್ದರು. “ಮುಚ್ಚಳದಲ್ಲಿ ತೂತಿಲ್ಲ. ಬೇಕಾದ್ರೆ ಚೆಕ್ ಮಾಡು ಮೋಳೇ.”

ನೀಲಿ ಕಾಗದ ನೀಲಿಯಾಗಿಯೇ ಉಳಿಯಿತು. ಕ್ಲಾಸು ಚಪ್ಪಾಳೆ ತಟ್ಟಿತು. ಆದರೆ ನೀರಿನ ಮೇಲೆ ತೆಳ್ಳಗೆ ಎಣ್ಣೆಯ ಪಸೆ ತೇಲುತ್ತಿತ್ತು. ಬೆಳಕಿಗೆ ಹಿಡಿದರೆ ಕಾಮನಬಿಲ್ಲಿನ ಬಣ್ಣ. ತಳದಲ್ಲಿ ಪ್ಲಾಸ್ಟಿಕ್ಕಿನ ಎಳೆಗಳು.

“ಹಾಗಾದ್ರೆ ಸಮುದ್ರ ಕ್ಲೀನ್ ಉಂಟಾ ಇಲ್ವಾ ಟೀಚರ್?” ಪ್ರೀತಿಕಾ ಕೇಳಿದಳು.

“ಈ ಕಾಗದಕ್ಕೆ ಆಸಿಡ್ ಒಂದೇ ಗೊತ್ತಾಗುದು. ಬಾಕಿ ಎಂತೆಲ್ಲ ಉಂಟೂಂತ ಇದು ಹೇಳುದಿಲ್ಲ,” ಎಂದು ಟೀಚರ್ ಉಳಿದ ಕಾಗದಗಳನ್ನು ಅವಳ ಕೈಗೇ ಕೊಟ್ಟರು. “ನೀನೇ ನೋಡ್ತಾ ಇರು. ಬಾಟ್ಲಿ ತೊಳ್ದು.”

ಸಂಜೆ ಮನೆಯಲ್ಲಿ ಅವಳ ಕೈಗೆ ಸಿಕ್ಕಿದ್ದಕ್ಕೆಲ್ಲ ಕಾಗದ ಬಿತ್ತು. ಮಜ್ಜಿಗೆ ಕೆಂಪು. ಲಿಂಬೆ ಶರಬತ್ತು ಕೆಂಪು. ಮೀನಿನ ಪುಳಿಮುಂಚಿ ಸಾರಿಗೆ ಅದ್ದಲು ಹೋಗಿ ಅಮ್ಮನಿಂದ ಸೌಟಿನ ಪೆಟ್ಟು ತಿಂದಳು. ಬೆಕ್ಕಿನ ಮೂಗಿಗೆ ಹಿಡಿದಾಗ ಬೆಕ್ಕು ಕಾಗದವನ್ನೇ ನೆಕ್ಕಿ ಓಡಿತು.

ಮರುದಿನ ಬೆಳಗ್ಗೆ ಕೈಯಲ್ಲಿ ಎರಡೇ ಕಾಗದ ಉಳಿದಿದ್ದವು. ಅಜ್ಜನ ಶೆಡ್ಡಿನ ಹೊರಗೆ ಒಂದು ಕಣಿ, ಅಂದರೆ ಸಣ್ಣ ಚರಂಡಿ, ಹರಿಯುತ್ತದೆ. ನೀರು ಬೆಳ್ಳಗೆ, ಅಕ್ಕಿ ತೊಳೆದ ಹಾಗೆ. ಹುಟ್ಟಿದಂದಿನಿಂದ ಅವಳು ಅದನ್ನು ದಾಟಿಯೇ ಓಡಾಡಿದ್ದಾಳೆ. ಸುಮ್ಮನೆ ಬಗ್ಗಿ ಒಂದು ಕಾಗದ ಅದ್ದಿದಳು.

ಕೆಂಪು.

ಆವತ್ತು ಕ್ಲಾಸಿನಲ್ಲಿ ಕಂಡ ಅದೇ ಕೆಂಪು. ಪ್ರೀತಿಕಾ ಕಾಗದ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದಳು. ಅಜ್ಜ ಒಂದು ಡಿಶ್‌ನಿಂದ ಗಟ್ಟಿಯಾದ ಬಿಳಿ ರಬ್ಬರ್ ಎತ್ತಿ ಮಿಷನ್ನಿನ ಪಕ್ಕ ಇಟ್ಟರು. ಉಳಿದ ಹುಳಿ ನೀರನ್ನು ಕಣಿಗೆ ಚೆಲ್ಲಲು ಡಿಶ್ ಎತ್ತಿಕೊಂಡು ಹೊರಗೆ ಬಂದರು.

“ಅಜ್ಜ, ಈ ಕಣಿ ಎಲ್ಲಿಗೆ ಹೋಗುದು?”

“ಎಲ್ಲಿಗೆಂತ? ತೋಡಿಗೆ.”

“ತೋಡು?”

“ಕುಮಾರಧಾರೆಗೆ.”

“ಕುಮಾರಧಾರಾ?”

“ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುದು. ಅಷ್ಟೂ ಹೇಳಿ ಕೊಡುದಿಲ್ವಾ ನಿಮ್ಮ ಶಾಲೆಯಲ್ಲಿ? ಮತ್ತೆ ಅಲ್ಲಿಂದ ಸೀದಾ ಮಂಗಳೂ...”

ಬಗ್ಗಿಸಿದ ಡಿಶ್ ಬಗ್ಗಿದಲ್ಲೇ ನಿಂತಿತು. ಅವರು ಮೊಮ್ಮಗಳ ಕೈಯಲ್ಲಿದ್ದ ಕೆಂಪು ಕಾಗದ ನೋಡಿದರು. ಕಣಿ ನೋಡಿದರು. ಮತ್ತೆ ಕಾಗದ ನೋಡಿದರು.

ಪ್ರೀತಿಕಾಳಿಗೆ ಅಳಿವೆಯ ನೀ‌ರು ನೆನಪಾಯಿತು. ಅಲ್ಲಿ ನಿಂತಿದ್ದಾಗ ತಾನು ಮನೆಯಿಂದ ತುಂಬ ತುಂಬ ದೂರ ಬಂದಿದ್ದೇನೆ ಎಂದು ಅವಳು ಅಂದುಕೊಂಡಿದ್ದಳು.

ಅಷ್ಟರಲ್ಲಿ ರಸ್ತೆಯಲ್ಲಿ ‘ಪೋಂ ಪೋಂ’ ಎಂದಿತು. ಬೆಕ್ಕು ಕಂಬದಿಂದ ಹಾರಿ ಓಡಿತು. “ಮಾವ, ಮೋನಾಕ ಬಂದ್ರು! ಎಂತ ಮೀನು ತೆಕ್ಕೊಳ್ಳುದು?” ಎಂದು ಅಮ್ಮ ಒಳಗಿನಿಂದ ಕೂಗಿದರು.

ಅಜ್ಜ ಎರಡೂ ಕೈಯಲ್ಲಿ ಡಿಶ್ ಹಿಡಿದು ಕಣಿಯ ಬದಿಯಲ್ಲಿ ನಿಂತೇ ಇದ್ದರು. ನೀರು ಅಂಚಿನವರೆಗೆ ಬಂದು ತುಳುಕುತ್ತಿತ್ತು.

“ಇದನ್ನು ಈಗ ಎಲ್ಲಿಗೆ ಚೆಲ್ಲುದು ಮಾರಾಯ್ತಿ?” ಎಂದು ಕೇಳಿದರು.

ಪ್ರೀತಿಕಾಳಿಗೂ ಗೊತ್ತಿರಲಿಲ್ಲ. ಉಳಿದ ಒಂದು ಕಾಗದವನ್ನು ಕಿಸೆಗೆ ಹಾಕಿಕೊಂಡು, ಹತ್ತಿರ ಹೋಗಿ ಡಿಶ್‌ನ ಇನ್ನೊಂದು ತುದಿಯನ್ನು ಹಿಡಿದುಕೊಂಡಳು.